ಬೈಸಿಕೊಳ್ಳಲು ಬಂದ ಹುಡುಗಿ

ಆಕೆ ನಮ್ಮ ಮನೆಗೆ ಬಂದದ್ದು ನಮ್ಮತ್ತೆಯ ಮೊಣಕಾಲು ನೋವಿನ ದೆಸೆಯಿಂದ. ಹೀಗೆಂದರೆ ಯಾರೂ ನಂಬುವುದಿಲ್ಲ, ಆದರೆ ನಡೆದದ್ದು ಹಾಗೆಯೇ. ನಮ್ಮ ಮನೆಯವರು ಆದೋನಿಯಲ್ಲಿ ಹತ್ತಿ ವ್ಯಾಪಾರಿ. ಊರಿನ ನಾಲ್ಕು ಜನ ಸೇರಿ ಕಟ್ಟಿಕೊಂಡ ಒಂದು ಸಂಘಕ್ಕೆ ಮೆಂಬರು. ಹೊರದೇಶದ ಮಕ್ಕಳನ್ನು ಒಂದು ವರ್ಷ ಇಲ್ಲಿಯ ಮನೆಗಳಲ್ಲಿ ಇಟ್ಟುಕೊಂಡು ಓದಿಸುವ ಯೋಜನೆಯೊಂದು ಆ ಸಂಘದ ಮುಂದೆ ಬಂದಾಗ, ಸಭೆಯಲ್ಲಿ ಮೊದಲು ಕೇಳಿದ ಪ್ರಶ್ನೆ ಯಾರ ಮನೆಯಲ್ಲಿ ಕಮೋಡ್ ಇದೆ ಎಂಬುದು. ಅತ್ತೆ ಕೂತರೆ ಏಳಲಾಗದೆ, ಎದ್ದರೆ ಕೂರಲಾಗದೆ ಒದ್ದಾಡುವುದನ್ನು ನೋಡಿ ನಮ್ಮವರು ಆಗಷ್ಟೇ ಬಿಳೀ ಟೈಲ್ಸ್ ಹಾಕಿಸಿ ಒಂದನ್ನು ಕಟ್ಟಿಸಿದ್ದರು. ಹೊಸ ವಸ್ತುವಿನ ಹೆಮ್ಮೆ ಯಾರಿಗಿರುವುದಿಲ್ಲ? ಸಭೆಯಲ್ಲಿ ಕೈ ಎತ್ತಿಬಿಟ್ಟರು. ಮನೆಗೆ ಬಂದು ನನಗೆ ಹೇಳುವಾಗ ಮಾತ್ರ ದನಿ ಸಣ್ಣದಾಗಿತ್ತು.

ನಾನು ಇಲ್ಲಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಲೆಕ್ಕ ಕಲಿಸುವವಳು. ನನ್ನ ಇಂಗ್ಲಿಷು ಕೂಡುವುದು ಕಳೆಯುವುದಕ್ಕೆ ಸಾಲುತ್ತದೆ, ಒಂದು ವರ್ಷ ಸಂಸಾರ ಮಾಡುವುದಕ್ಕಲ್ಲ. ಆದರೂ ಮಗ ಕರ್ನೂಲಿನ ಹಾಸ್ಟೆಲಿನಲ್ಲಿದ್ದ, ಅವನ ಕೋಣೆ ಖಾಲಿ ಇತ್ತು. ಬರಲಿ ಬಿಡಿ ಎಂದೆ.

ಬಂದಳು. ಹೆಸರು ಬರೆಯುವುದಿಲ್ಲ. ಆ ಹೆಸರನ್ನು ನಮ್ಮ ಓಣಿಯಲ್ಲಿ ಯಾರೂ ಪೂರ್ತಿ ಹೇಳಿದ್ದೇ ಇಲ್ಲ, ನಾನೂ ಸೇರಿ. ಐಸ್‌ಲ್ಯಾಂಡ್ ಎಂಬ ದೇಶದವಳು, ಹದಿನೇಳು ವರ್ಷ, ನಮ್ಮ ತಲೆಬಾಗಿಲಿಗಿಂತ ಒಂದು ಗೇಣು ಎತ್ತರ. ರೈಲಿನಿಂದ ಇಳಿದವಳು ಮೊದಲು ನೋಡಿದ್ದು ನಮ್ಮನ್ನಲ್ಲ, ಊರಿನ ಹಿಂದಿರುವ ಬಂಡೆಗುಡ್ಡಗಳನ್ನು. ಒಂದು ಗಿಡ ಮರ ಇಲ್ಲದ ಆ ಬೋಳು ಗುಡ್ಡಗಳಿಗಾಗಿ ನಾವು ನಾಚಿಕೊಳ್ಳುವ ಮೊದಲೇ, ನಮ್ಮೂರೂ ಹೀಗೇ ಇದೆ ಎಂದು ಸಂತೋಷಪಟ್ಟಳು. ಆದೋನಿಯನ್ನು ನೋಡಿ ತನ್ನೂರು ನೆನಪಾಯಿತು ಎಂದ ಪರದೇಶಿಯನ್ನು ನಾನು ಆಮೇಲೂ ಕಂಡಿಲ್ಲ.

ಆಕೆಗೊಂದು ಅಭ್ಯಾಸವಿತ್ತು. ಹೌದು ಎನ್ನಬೇಕಾದಾಗ ಬಾಯಿಂದ ಉಸಿರನ್ನು ಸರಕ್ಕನೆ ಒಳಗೆ ಎಳೆದುಕೊಳ್ಳುತ್ತಿದ್ದಳು. ಅವರ ದೇಶದಲ್ಲಿ ಎಲ್ಲರೂ ಹಾಗೇ ಹೌದು ಅನ್ನುತ್ತಾರಂತೆ. ನಮ್ಮತ್ತೆಗೆ ಅದು ಗೊತ್ತಿರಲಿಲ್ಲ. ಊಟ ಆಯಿತಾ ಎಂದು ಕೇಳುವುದು, ಆಕೆ ಉಸಿರು ಎಳೆಯುವುದು, ಅತ್ತೆ ಗಾಬರಿಯಾಗಿ ನೀರಿನ ಚೊಂಬು ಹಿಡಿದು ಓಡುವುದು. ನಿದ್ದೆ ಬಂತಾ ಎಂದು ಕೇಳುವುದು, ಮತ್ತೆ ಉಸಿರು, ಮತ್ತೆ ಚೊಂಬು. ಮೊದಲ ವಾರ ಆ ಹುಡುಗಿ ಕುಡಿದಷ್ಟು ನೀರನ್ನು ನಾನು ಬೇಸಿಗೆಯಲ್ಲೂ ಕುಡಿದಿಲ್ಲ.

ತಮ್ಮೂರಲ್ಲಿ ನೆಲದೊಳಗಿಂದ ಬಿಸಿನೀರು ಬರುತ್ತದೆ ಎಂದು ಒಂದು ದಿನ ಫೋನಿನಲ್ಲಿ ಚಿತ್ರ ತೋರಿಸಿದಳು. ಹೊಗೆಯಾಡುವ ನೀರನ್ನು ನೋಡಿ ನಾನು ಬಾಯಿ ಬಿಟ್ಟೆ. ಅತ್ತೆ ಕನ್ನಡಕ ಏರಿಸಿ ನೋಡಿ, ಎಪ್ರಿಲ್‌ನಲ್ಲಿ ನಮ್ಮ ಟ್ಯಾಂಕಿನ ನಲ್ಲಿ ತಿರುಗಿಸಿದರೂ ಹಾಗೇ ಬರುತ್ತದೆ ಎಂದು ಹೇಳಿ ಒಳಗೆ ಹೋದರು. ಆಕೆಯ ಅಪ್ಪ ಕುರಿ ಸಾಕುತ್ತಾನೆ ಎಂಬ ಸಂಗತಿ ಮಾತ್ರ ಓಣಿಯಲ್ಲಿ ಭಾರಿ ಸುದ್ದಿಯಾಯಿತು. ಹೂವು ಮಾರುವ ಕುರುಬರ ಹೆಂಗಸು, ಹಾಗಾದರೆ ಈಕೆ ನಮ್ಮವಳೇ ಎಂದು ಒಂದು ಮೊಳ ಮಲ್ಲಿಗೆ ಪುಕ್ಕಟೆ ಕೊಟ್ಟು ಹೋದಳು. ದೊಡ್ಡ ಎಸ್ಟೇಟಿನ ಮನೆತನದ ಹುಡುಗಿ ಎಂದು ಸಂಘದಲ್ಲಿ ಹೇಳಿಕೊಂಡಿದ್ದ ನಮ್ಮವರಿಗೆ ಮಾತ್ರ ಆ ಮಲ್ಲಿಗೆಯ ವಾಸನೆ ಅಷ್ಟಾಗಿ ಹಿಡಿಸಲಿಲ್ಲ.

ಇಲ್ಲಿ ನಮ್ಮತ್ತೆಯ ಅಡುಗೆಮನೆಯ ಕಾನೂನನ್ನು ಹೇಳಬೇಕು. ಹೆಂಚಿನಿಂದ ಇಳಿದ ಜೋಳದ ರೊಟ್ಟಿ ಬಂದವರಿಗೆ. ಬುಟ್ಟಿಯಲ್ಲಿರುವ ನಿನ್ನೆಯ ರೊಟ್ಟಿ ಮನೆಯವರಿಗೆ. ಮದುವೆಯಾಗಿ ಪಕ್ಕದ ಆಲೂರಿನಿಂದ ಬಂದ ಹೊಸದರಲ್ಲಿ ನನ್ನ ತಟ್ಟೆಗೂ ಬಿಸಿ ರೊಟ್ಟಿಯೇ ಬೀಳುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಬುಟ್ಟಿಗೆ ಕೈ ಹಾಕಿ ನಿನ್ನೆಯದನ್ನು ತೆಗೆದು ನನ್ನ ಮುಂದಿಟ್ಟರು. ನಾನು ಬಚ್ಚಲಿಗೆ ಹೋಗಿ ಕಣ್ಣೀರು ಹಾಕಿದೆ. ಫೋನಿನಲ್ಲಿ ತಾಯಿಗೆ ಹೇಳಿಕೊಂಡರೆ ಆಕೆ ನಕ್ಕುಬಿಟ್ಟಳು. "ಅಳಬ್ಯಾಡ. ಇನ್ನ ನೀ ಆ ಮನಿಯಾಕಿ ಆದಿ ಬಿಡು" ಎಂದಳು. ಬೈಗುಳಕ್ಕೂ ಇದೇ ಕಾನೂನು. ಅತ್ತೆಯ ಬಾಯಿ ನಮ್ಮ ಓಣಿಯಲ್ಲಿ ಹೆಸರಾದದ್ದು. ಹಾಲಿನವನು, ಕರೆಂಟಿನವನು, ಮಗ, ಸೊಸೆ, ಯಾರನ್ನೂ ಬಿಟ್ಟವರಲ್ಲ. ಆದರೆ ಬಂದವರ ಮುಂದೆ ಆ ಬಾಯಿ ಬೆಣ್ಣೆ.

ಹುಡುಗಿಗೆ ಬಿಸಿ ರೊಟ್ಟಿ, ಕೂರಲು ಗದ್ದುಗೆಯಂಥ ಕುರ್ಚಿ, ಕರೆಯಲು ತಾಯಿ ಅವ್ವ ಎಂಬ ಮಾತು. ಲೋಟ ಎತ್ತಿ ತೊಳೆಯಲು ಹೋದರೆ ಅತ್ತೆ ಕೈಯಿಂದ ಕಸಿದುಕೊಳ್ಳುತ್ತಿದ್ದರು. ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ಆಕೆ ನನ್ನ ಪಕ್ಕ ಕೂತು, ಬಹಳ ಸಂಕೋಚದಿಂದ, ಅಜ್ಜಿ ನನ್ನನ್ನು ಯಾವಾಗ ಬೈಯುತ್ತಾರೆ ಎಂದು ಕೇಳಿದಳು.

ನನಗೆ ಅರ್ಥವಾಗಲಿಲ್ಲ. ಆಕೆ ಬಿಡಿಸಿ ಹೇಳಿದಳು. ಊರು ಬಿಡುವ ಮೊದಲು ಅವರಿಗೆಲ್ಲ ಒಂದು ತರಬೇತಿ ನಡೆದಿತ್ತಂತೆ. ಅಲ್ಲಿ ಒಬ್ಬ ಹಿರಿಯ ಹೆಂಗಸು ಹೇಳಿದ್ದಳಂತೆ, ಮೊದಮೊದಲು ನೀವು ಅತಿಥಿಗಳು, ಯಾವ ದಿನ ಆ ಮನೆಯವರು ನಿಮ್ಮನ್ನು ಮನಸಾರೆ ಬೈಯುತ್ತಾರೋ ಅವತ್ತಿನಿಂದ ನೀವು ಆ ಮನೆಯ ಮಕ್ಕಳು ಎಂದು. ಅದನ್ನು ಈ ಹುಡುಗಿ ವ್ರತದ ಹಾಗೆ ಹಿಡಿದಿದ್ದಳು. ಬೇರೆ ಊರುಗಳಿಗೆ ಬಂದ ಗೆಳತಿಯರು ಫೋನಿನಲ್ಲಿ ಜಂಬ ಕೊಚ್ಚುತ್ತಿದ್ದರಂತೆ. ಒಬ್ಬಳಿಗೆ ನೀರು ಪೋಲು ಮಾಡಿದ್ದಕ್ಕೆ ಬೈಗುಳ ಬಿದ್ದಿತ್ತು. ಇನ್ನೊಬ್ಬಳ ತಲೆಗೆ ಒಂದು ಮೊಟಕೇ ಬಿದ್ದಿತ್ತು, ಆಕೆಯ ಭಾಗ್ಯಕ್ಕೆ ಎಣೆಯಿಲ್ಲ. ಈಕೆಗೆ ಏನೂ ಇಲ್ಲ. ದಿನಾ ಬಿಸಿ ರೊಟ್ಟಿ ತಿಂದು ಬರಿಗೈಯಲ್ಲಿ ಮಲಗುತ್ತಿದ್ದಳು.

ಆಮೇಲೆ ಆಕೆ ಬೈಸಿಕೊಳ್ಳುವ ಪ್ರಯತ್ನಕ್ಕೆ ಇಳಿದಳು. ಚಪ್ಪಲಿಯನ್ನು ಹಾಲ್‌ನ ನಡುವೆ ಬಿಟ್ಟಳು. ಅತ್ತೆ ಎತ್ತಿಟ್ಟು, ನೀನು ಮೊದಲೇ ಯಾಕೆ ಎತ್ತಿಡಲಿಲ್ಲ ಎಂದು ನನ್ನನ್ನು ಬೈದರು. ಬಿಸಿಲು ನೆತ್ತಿಗೇರುವ ತನಕ ಮಲಗಿದಳು. ಪಾಪದ ಕೂಸು ಮಲಗಿದೆ, ನೀನೇಕೆ ಪಾತ್ರೆ ಸದ್ದು ಮಾಡುತ್ತೀ ಎಂದು ನನ್ನನ್ನು ಬೈದರು. ನಮ್ಮ ಮಾವನವರ ಕಾಲದ ಗಾಜಿನ ಲೋಟ ಕೈಜಾರಿ ಒಡೆಯಿತು. ಅದು ಬೇಕೆಂದೇ ಒಡೆದದ್ದಲ್ಲ, ಪಾಪ ಹೆದರಿ ಬಿಳುಚಿಕೊಂಡಿದ್ದಳು, ಆದರೂ ಮುಖದಲ್ಲಿ ಒಂದು ಆಸೆ ಇತ್ತು. ಅತ್ತೆ, ಹೋಗಲಿ ಬಿಡವ್ವ ಎಂದು ಚೂರುಗಳನ್ನು ಬಳಿದು, ಲೋಟವನ್ನು ಅಂಚಿಗೆ ಇಟ್ಟವರು ಯಾರು ಎಂದು ನನ್ನತ್ತ ತಿರುಗಿದರು. ಆಕೆಯ ಪಾಲಿನದೆಲ್ಲ ನನಗೇ ಜಮೆಯಾಗುತ್ತಿತ್ತು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು, ನಾನು ಬೈಸಿಕೊಳ್ಳುವುದನ್ನು ಮಿಠಾಯಿ ಅಂಗಡಿಯ ಮುಂದೆ ನಿಂತ ಮಗುವಿನಂತೆ ನೋಡುತ್ತಿದ್ದಳು. ನನಗೆ ಮೈಯುರಿಯುತ್ತಿತ್ತು. ಬೇಕಾದರೆ ಎಲ್ಲ ನೀನೇ ತಗೋ ಮಾರಾಯ್ತಿ ಎಂದು ಒಮ್ಮೆ ಹೇಳಿಯೂಬಿಟ್ಟೆ. ಆಕೆ ಉಸಿರು ಒಳಗೆಳೆದುಕೊಂಡಳು.

ಒಂದು ವಿಷಯದಲ್ಲಿ ಮಾತ್ರ ನನಗೆ ಆಕೆಯ ಮೇಲೆ ಬಹಳ ಗೌರವವಿತ್ತು. ಭಾನುವಾರ ಆ ಕಮೋಡನ್ನು ತೊಳೆಯಲು ಹೋದರೆ ಅಂಗಡಿಯಿಂದ ತಂದ ದಿನ ಹೊಳೆಯುತ್ತಿದ್ದಂತೆಯೇ ಹೊಳೆಯುತ್ತಿತ್ತು. ಪರದೇಶದವರ ಶುಚಿ ಎಂದರೆ ಶುಚಿ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ. ನಾನೂ ನಮ್ಮವರೂ ಹಿತ್ತಲಿನ ಹಳೆಯದಕ್ಕೇ ಹೋಗುತ್ತಿದ್ದೆವು. ನಮ್ಮವರಂತೂ ಕಮೋಡಿನ ಹತ್ತಿರ ಸುಳಿಯುತ್ತಿರಲಿಲ್ಲ. ಅದರ ಮೇಲೆ ಕೂತರೆ ಯಾವುದೋ ಸಭೆಯಲ್ಲಿ ಕೂತ ಹಾಗಾಗುತ್ತದೆ, ಕೆಲಸ ಸಾಗುವುದಿಲ್ಲ ಎನ್ನುತ್ತಿದ್ದರು. ಅತ್ತೆಯೂ ಆಕೆಯೂ ಬಳಸುತ್ತಾರೆ, ಕಟ್ಟಿಸಿದ್ದು ಸಾರ್ಥಕವಾಯಿತು ಎಂದುಕೊಂಡಿದ್ದೆವು.

ಸಂಕ್ರಾಂತಿ ಮುಗಿದ ಮೇಲೆ ಸಂಘದಿಂದ ಫೋನು ಬಂತು. ಆ ಮಕ್ಕಳ ಮನೆಯನ್ನು ವರ್ಷದ ನಡುವೆ ಬದಲಿಸುತ್ತಾರೆ. ಇನ್ನು ಉಳಿದ ತಿಂಗಳು ಒಬ್ಬ ಡಾಕ್ಟರ ಮನೆಯಲ್ಲಿ, ಅಲ್ಲಿ ಎಲ್ಲ ಕೋಣೆಗೂ ಏಸಿ ಇದೆ ಎಂದರು. ನಮ್ಮವರು ತಮ್ಮ ಅವ್ವನನ್ನು ಕೇಳಿದರು. ಅತ್ತೆ, ಪರರ ಮನೆಯ ಕೂಸು, ಬ್ಯಾಸಗಿಗೆ ತಣ್ಣಗಿರುವಲ್ಲಿ ಇರಲಿ, ಕಳಿಸಿಬಿಡು ಎಂದರು. ಹುಡುಗಿ ಅಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದಳು, ಅಂದರೆ ಅತ್ತೆಯ ಕಣ್ಣು ತಪ್ಪಿಸಿ ಸುಲಿಯುತ್ತಿದ್ದಳು. ಅಷ್ಟರಲ್ಲಿ ಆಕೆಗೆ ನಮ್ಮ ಮಾತು ಮುಕ್ಕಾಲು ಪಾಲು ತಿಳಿಯುತ್ತಿತ್ತು. ಅವತ್ತು ಮಂಡಕ್ಕಿಯ ಉಗ್ಗಾಣಿ ಜೊತೆ ಮಿರ್ಚಿ ಬಜ್ಜಿ ಇಟ್ಟರೂ ಮುಟ್ಟಲಿಲ್ಲ. ಇಷ್ಟು ದಿನ ಇದ್ದು ಯಾರಿಗೂ ಏನೂ ಆಗದೆ ಹೋಗುತ್ತಿದ್ದೇನೆ ಎಂದು ನನ್ನೊಬ್ಬಳ ಹತ್ತಿರ ಹೇಳಿದಳು.

ಮಾರನೆಯ ದಿನ ರಜೆ. ಮಧ್ಯಾಹ್ನ ಊಟವಾದ ಮೇಲೆ ಹುಡುಗಿ ಕಾಣಲಿಲ್ಲ. ಫೋನು ಚಾರ್ಜಿಗೆ ಹಾಕಿದ್ದು ಹಾಕಿದಲ್ಲೇ ಇತ್ತು. ಮೊದಲು ಮಹಡಿ ನೋಡಿದೆವು, ಆಮೇಲೆ ಅಕ್ಕಪಕ್ಕದ ಮನೆಗಳು, ಆಮೇಲೆ ಆಕೆ ಓದುವ ಕಾಲೇಜು. ಅಷ್ಟೆತ್ತರದ ಬಿಳೀ ಹುಡುಗಿ ಆದೋನಿಯಲ್ಲಿ ಕಳೆದುಹೋಗುವುದೆಂದರೆ ಸಾಮಾನ್ಯವೇ? ಆದರೂ ನೋಡಿದವರಿಲ್ಲ. ನಮ್ಮವರು ಸ್ಕೂಟರ್ ಹತ್ತಿ ರೈಲ್ವೆ ಸ್ಟೇಷನ್ನಿಗೆ ಓಡಿದರು. ಅತ್ತೆ ಹೊಸಿಲ ಮೇಲೆ ನಿಂತವರು ನಿಂತೇ ಇದ್ದರು. ಕುರ್ಚಿ ತಂದಿಟ್ಟರೆ ಕೂರಲಿಲ್ಲ, ನೀರು ತಂದರೆ ಕುಡಿಯಲಿಲ್ಲ. ಅಷ್ಟು ಹೊತ್ತು ಅವರು ನನ್ನನ್ನು ಒಂದು ಸಲವೂ ಬೈಯಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಅದಕ್ಕೆ.

ದೀಪ ಹಚ್ಚುವ ಹೊತ್ತಿಗೆ ಓಣಿಯ ತುದಿಯಲ್ಲಿ ಒಂದು ಆಟೋ ನಿಂತಿತು. ಹುಡುಗಿ ಇಳಿದಳು. ಅಂಗಿಯ ಮುಂಭಾಗವೆಲ್ಲ ರಕ್ತ. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಕೆಯ ಹಿಂದೆ ಕಂಬಳಿ ಹೊದ್ದ ಒಬ್ಬ ಮುದುಕ ಇಳಿದು ದೂರದಿಂದಲೇ ಕೈ ಮುಗಿದ. "ಅಂಜಬ್ಯಾಡ್ರಿ ತಾಯಿ, ಕುರಿದು ರಕ್ತ. ಈ ಕೂಸು ಇದ್ದಿಲ್ಲಂದ್ರ ತಾಯಿ ಮರಿ ಎರಡೂ ಹೋಗ್ತಿದ್ವು" ಎಂದ.

ನಡೆದದ್ದಿಷ್ಟು. ಮನಸ್ಸು ಸರಿಯಿಲ್ಲದೆ ಆಕೆ ಬಾಗಿಲಿಗೆ ಬಂದು ನಿಂತಾಗ ರಸ್ತೆಯಲ್ಲಿ ಒಂದು ಕುರಿಮಂದೆ ಆಲೂರಿನ ಕಡೆಗೆ ಹೊರಟಿತ್ತು. ಹತ್ತಿ ಬಿಡಿಸಿ ಮುಗಿದ ಹೊಲಗಳಲ್ಲಿ ಮೇಯಿಸಲು ಹೋಗುವ ಮಂದೆ. ಕುರಿ ಕಂಡ ಕೂಡಲೇ ಅಪ್ಪನ ಮನೆ ಕಂಡ ಹಾಗಾಗಿ ಹಿಂದೆಯೇ ನಡೆದಿದ್ದಾಳೆ. ಊರು ದಾಟಿದ ಮೇಲೆ ಒಂದು ಕುರಿ ಹೆರಲಾರದೆ ಬಿದ್ದುಕೊಂಡಿತು. ಮುದುಕನಿಗೆ ಕೈ ನಡುಕ. ಈಕೆ ಅಂಗಿಯ ತೋಳು ಮಡಿಚಿ ಕೂತು ಮರಿಯನ್ನು ತಿರುಗಿಸಿ ಹೊರಗೆ ತೆಗೆದಿದ್ದಾಳೆ. ತಮ್ಮೂರಲ್ಲಿ ಚಿಕ್ಕಂದಿನಿಂದ ಮಾಡಿದ ಕೆಲಸವಂತೆ. ಮರಿ ಎದ್ದು ನಿಂತು ಹಾಲು ಕುಡಿಯುವ ತನಕ ಬಿಟ್ಟು ಬರಲಿಲ್ಲ, ಅಷ್ಟೇ. ಇದನ್ನೆಲ್ಲ ಆಕೆ ಕಣ್ಣರಳಿಸಿ ಹೇಳುತ್ತಿದ್ದಳು. ಅತ್ತೆ ಪೂರ್ತಿ ಕೇಳಿದರು. ಮುದುಕನಿಗೆ ಚಹಾ ಕೊಡು ಎಂದು ನನಗೆ ಸನ್ನೆ ಮಾಡಿದರು. ಆಮೇಲೆ ಬಾಯಿ ತೆರೆದರು.

"ಏ ಹುಡುಗಿ, ತಲಿ ಐತೇನ ನಿನಗ? ಹೇಳಿ ಹೋಗಾಕ ಬಾಯಿ ಇದ್ದಿಲ್ಲೇನ? ಮಧ್ಯಾಹ್ನದಿಂದ ಬಾಗಿಲದಾಗ ನಿಂತೀನಿ, ಒಂದು ಗುಟುಕು ನೀರು ಇಳದಿಲ್ಲ ಗಂಟಲಾಗ. ನಿಮ್ಮವ್ವ ಕೇಳಿದ್ರ ಏನಂತ ಹೇಳ್ಲಿ ನಾನು, ಕುರಿ ಹಿಂದ ಹೋದ್ಳಂತ ಹೇಳ್ಲೇನ? ಚಪ್ಪಲಿ ಹಾಲಿನ್ಯಾಗ ಬಿಡ್ತಿ, ಸುಮ್ನಿದ್ದೆ. ಬಿಸಿಲು ನೆತ್ತಿಗಿ ಬಂದ್ರೂ ಏಳಂಗಿಲ್ಲ, ಸುಮ್ನಿದ್ದೆ. ನಮ್ಮ ಮನಿಯವರು ನೀರು ಕುಡೀತಿದ್ದ ಗ್ಲಾಸು ಒಡದಿ, ಅದಕ್ಕೂ ಸುಮ್ನಿದ್ದೆ."

ಒಂದನ್ನೂ ಮರೆತಿರಲಿಲ್ಲ. ಆರು ತಿಂಗಳಿಂದ ಕೂಡಿಟ್ಟದ್ದೆಲ್ಲ ಬಂತು. ನನ್ನ ಹೆಸರಿಗೆ ಜಮೆಯಾಗಿದ್ದವೂ ಅಸಲು ಒಡತಿಗೆ ಸೇರಿದವು. ಓಣಿಯವರು ಬಾಗಿಲುಗಳಿಗೆ ಬಂದು ನಿಂತರು. ಹುಡುಗಿ ರಕ್ತದ ಅಂಗಿಯಲ್ಲಿ ಕೈಕಟ್ಟಿ ನಿಂತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ. ನಗುವುದನ್ನು ಕಂಡು ಅತ್ತೆಗೆ ಇನ್ನೂ ಸಿಟ್ಟು ಬಂತು.

"ನಗ್ತಿಯೇನ? ನಿಂತು ನಿಂತು ಮೊಣಕಾಲು ಬಿದ್ದು ಹೋಗ್ಯಾವ ನನ್ನವು. ನನಗಂತ ಕಟ್ಟಿಸಿದ ಪಾಯಿಖಾನಿ ನಿನಗ ಬಿಟ್ಟು, ಹಿತ್ತಲದಾಗ ಆ ಹಳೇದಕ್ಕ ಹೋಗಿ ಗೋಡಿ ಹಿಡ್ಕೊಂಡು ಏಳ್ತೀನಿ ದಿನಾ. ಯಾರ ಸಲುವಾಗಿ?"

ಹುಡುಗಿಯ ನಗು ನಿಂತಿತು. "ಅಜ್ಜಿ, ನಾ ಅದಕ ಒಂದು ದಿನಾನೂ ಹೋಗಿಲ್ಲ. ನಿಮ್ಮ ಕಾಲು ನೋವಂತ ನಿಮಗ ಬಿಟ್ಟೀನಿ. ನಾನೂ ಹಳೇದಕ್ಕ ಹೋಗ್ತೀನಿ" ಎಂದಳು.

ಸ್ಟೇಷನ್ನಿನಿಂದ ಆಗಷ್ಟೇ ಬಂದು ಸ್ಕೂಟರ್ ನಿಲ್ಲಿಸುತ್ತಿದ್ದ ನಮ್ಮವರು ಅದರ ಮೇಲೆಯೇ ಕೂತುಬಿಟ್ಟರು. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಮಾಡಿ, ಅಷ್ಟು ಬಿಳೀ ಟೈಲ್ಸಿನ ಸಾಮಾನನ್ನು ಆರು ತಿಂಗಳು ದೇವರಕೋಣೆಯ ಹಾಗೆ ಮುಚ್ಚಿಟ್ಟಿದ್ದರು. ನಾನು ಪ್ರತಿ ಭಾನುವಾರ ಅದಕ್ಕೆ ಅಭಿಷೇಕ ಮಾಡಿ ಪರದೇಶದ ಶುಚಿಯನ್ನು ಹೊಗಳುತ್ತಿದ್ದೆ. ಮೊದಲು ನಕ್ಕವನು ಚಹಾದ ಲೋಟ ಹಿಡಿದ ಆ ಮುದುಕ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊಸಿಲ ಮೇಲೆ ಕುಸಿದು ಕೂತು ನಕ್ಕರು. ಅಲ್ಲಿಂದ ಅವರನ್ನು ಏಳಿಸಲು ಇಬ್ಬರು ಬೇಕಾಯಿತು.

ಮರುದಿನ ಬೆಳಿಗ್ಗೆ ನಾನು ಹೆಂಚಿನ ಮುಂದಿದ್ದೆ. ಹುಡುಗಿ ಬಂದು ಕುರ್ಚಿಯಲ್ಲಿ ಕೂತಳು. ಬಿಸಿ ರೊಟ್ಟಿ ಹಾಕಲು ಕೈ ಚಾಚಿದೆ. ಅತ್ತೆ ತಡೆದರು. ಕೆಳಗೆ ಕೂತು ತಿನ್ನಲು ಏನು ದಾಡಿ ಎಂದು ಆಕೆಯನ್ನು ಕುರ್ಚಿಯಿಂದ ಇಳಿಸಿದರು. ಬುಟ್ಟಿಗೆ ಕೈ ಹಾಕಿ ನಿನ್ನೆಯ ರೊಟ್ಟಿ ತೆಗೆದರು. ಮೇಲೆ ಶೇಂಗಾ ಚಟ್ನಿ, ಮೊಸರು. ಹುಡುಗಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಾನು ಬಚ್ಚಲಿಗೆ ಹೋಗಿ ಅತ್ತದ್ದು ನೆನಪಾಗಿ ನನಗೇ ನಾಚಿಕೆಯಾಯಿತು. ಸಂಘದವರಿಗೆ ಏನು ಹೇಳಲಿ ಎಂದು ನಮ್ಮವರು ಕೇಳಿದರು. "ಎಲ್ಲಿಗೂ ಕಳಸಂಗಿಲ್ಲಂತ ಹೇಳು. ಇನ್ನ ಇಕಿಗೆ ಬೈಯೋದು ಬಾಳ ಉಳದೈತಿ" ಎಂದರು ಅತ್ತೆ.

ಉಳಿದ ತಿಂಗಳುಗಳಲ್ಲಿ ಅದರಲ್ಲಿ ಬಹುಪಾಲು ತೀರಿಸಿದರು. ಹುಡುಗಿ ಒಂದೊಂದನ್ನೂ ಗೆಳತಿಯರಿಗೆ ಫೋನ್ ಮಾಡಿ ವರದಿ ಒಪ್ಪಿಸುತ್ತಿದ್ದಳು. ಕಮೋಡಿನ ಹಕ್ಕು ಅತ್ತೆಗೆ ಖಾಯಂ ಆಯಿತು. ಹೋಗುವ ದಿನ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ, ತಲೆ ಬಗ್ಗಿಸಿ ಹತ್ತು, ಕಣ್ಣು ಕಾಣುವುದಿಲ್ಲವೇನು ಎಂದು ಅತ್ತೆ ಕೂಗಿದ್ದೇ ಬೀಳ್ಕೊಡುಗೆ. ಆಮೇಲೆ ಎಷ್ಟೋ ದಿನ, ಊಟ ಆಯಿತಾ ಎಂದು ನಾನು ಕೇಳಿದರೆ ಅತ್ತೆ ಉಸಿರನ್ನು ಸರಕ್ಕನೆ ಒಳಗೆಳೆದುಕೊಳ್ಳುತ್ತಿದ್ದರು. ಅವರಿಗೆ ಗೊತ್ತಾಗುತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಇದೆಲ್ಲ ನೆನಪಾದದ್ದು ಕಳೆದ ತಿಂಗಳು ಆಕೆ ಮತ್ತೆ ಬಂದಾಗ. ಈಗ ತಮ್ಮೂರಲ್ಲಿ ಕುರಿ ದನಗಳ ಡಾಕ್ಟರು. ಮದುವೆಯಾಗುವ ಹುಡುಗನನ್ನು ತೋರಿಸಲು ಕರೆತಂದಿದ್ದಳು. ಅತ್ತೆ ವಾರದಿಂದ ಗಡಿಬಿಡಿ ಮಾಡಿದ್ದರು. ಅಳಿಯ ಬರುತ್ತಾನೆ ಎಂದು ಕಮೋಡನ್ನು ಮತ್ತೆ ತಿಕ್ಕಿಸಿ, ತಾವು ಮುಟ್ಟುವುದಿಲ್ಲ ಎಂದು ಮೊದಲೇ ಸಾರಿದ್ದರು. ಬಾಗಿಲಲ್ಲಿ ಇಬ್ಬರಿಗೂ ಕಾಲಿಗೆ ನೀರು ಕೊಟ್ಟು, ಇಬ್ಬರಿಗೂ ಕುರ್ಚಿ ಹಾಕಿಸಿ, ಬರ್ರಿ ಕುಂದರ್ರಿ ಎಂದು ಉಪಚರಿಸಿದರು. ಹುಡುಗಿ ಕೂತಳು, ಆದರೆ ಮುಖ ಸಣ್ಣದಾಯಿತು. ಇಷ್ಟು ವರ್ಷ ದೂರವಿದ್ದು ಬಂದರೆ ಮತ್ತೆ ಬಂದವರ ಲೆಕ್ಕಕ್ಕೇ ಬೀಳುತ್ತೇನೋ ಎಂದು ಆಕೆಗೆ ಅನಿಸಿರಬೇಕು. ನನಗೂ ಹಾಗೇ ಅನಿಸಿ ಕಸಿವಿಸಿಯಾಯಿತು.

ಊಟಕ್ಕೆ ಕೂರಿಸಿದೆವು. ಅಳಿಯನಾಗುವವನ ತಟ್ಟೆಗೆ ಅತ್ತೆ ಹೆಂಚಿನಿಂದ ಇಳಿದ ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟರು. ಹುಡುಗಿ ತನ್ನ ಖಾಲಿ ತಟ್ಟೆಯನ್ನೇ ನೋಡುತ್ತಿದ್ದಳು. ನಾನು ಎರಡನೆಯ ಬಿಸಿ ರೊಟ್ಟಿ ಎತ್ತಿದೆ. ಅತ್ತೆ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು. ಬುಟ್ಟಿಯ ಬಟ್ಟೆ ತೆಗೆದು, ಅಡಿಯಿಂದ ಒಂದನ್ನು ಎಳೆದು ಆಕೆಯ ತಟ್ಟೆಗೆ ಹಾಕಿದರು. "ನಿನ್ನಿದು ಐತಿ, ಮೊದಲು ಇದನ್ನ ಮುಗಸು. ಕುರಿ ಹಿಂದ ತಿರುಗಿ ತಿರುಗಿ ಒಣಗಿ ಕಟಗಿ ಆಗೀದಿ" ಎಂದರು.

ಆ ಹುಡುಗ ಒಳ್ಳೆಯವನು. ತನಗೆ ಬಿಸಿಯದು, ಈಕೆಗೆ ಆರಿದ್ದು ಬಂದದ್ದನ್ನು ನೋಡಿ ಸಂಕೋಚಪಟ್ಟು ತನ್ನ ತಟ್ಟೆಯನ್ನು ಮೆಲ್ಲಗೆ ಆಕೆಯ ಕಡೆ ಸರಿಸಿದ. ಆಕೆ ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಈಚೆಗೆ ಎಳೆದುಕೊಂಡಳು. ತಣ್ಣನೆಯ ರೊಟ್ಟಿಯನ್ನು ಮುರಿದು ಬಾಯಿಗಿಟ್ಟುಕೊಂಡು, ಅವನ ಬೆಣ್ಣೆ ಹಾಕಿದ ಬಿಸಿ ರೊಟ್ಟಿಯನ್ನು ತುಂಬ ಕನಿಕರದಿಂದ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇವಂಗ ಬಾಳ ದಿನ ಹಿಡಿತೈತಿ, ಆಂಟಿ" ಎಂದಳು.